ಲೇತಿನ ನಾಲ್ಕನೇ ಕಾಲು

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ರಟ್ಟಿನ ಚೂರು. ನಾಲ್ಕು ಮಡಿಕೆ ಮಾಡಿದ್ದು, ಎಣ್ಣೆ ಕುಡಿದು ಕಪ್ಪಾಗಿದ್ದು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹಿಂದಿನ ಕೋಣೆ ಗುಡಿಸುತ್ತಿದ್ದ ಹೆಂಡತಿಯ ಪೊರಕೆಗೆ ಅದು ಅಡ್ಡ ಬಂತು. ಲೇತ್ ಯಂತ್ರದ ಹಿಂದಿನ ಬಲಗಾಲಿನ ಕೆಳಗಿನಿಂದ ಅದರ ಒಂದು ಮೂಲೆ ಇಣುಕುತ್ತಿತ್ತು. ಅವಳು ಹೊಲಿಗೆ ಕಲಿಸುವವಳು. ಬಟ್ಟೆಯಿಂದ ಜೋತ ದಾರವನ್ನಾಗಲಿ, ಎಲ್ಲಿಂದಲೋ ಇಣುಕುವ ಮೂಲೆಯನ್ನಾಗಲಿ ಎಳೆಯದೆ ಬಿಡುವವಳಲ್ಲ. ಅತ್ತಿತ್ತ ಅಲ್ಲಾಡಿಸಿ ಎಳೆದಳು, ಬಂತು. ಬಿಚ್ಚಿ ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ ಇನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ತನ್ನ ಹೊಲಿಗೆ ಡಬ್ಬಿಗೆ ಹಾಕಿಕೊಂಡು, ಉಳಿದ ಕೋಣೆ ಗುಡಿಸಿ ಮುಗಿಸಿದಳು.

ಗಂಡ ಆಗ ಬಚ್ಚಲುಮನೆಯಲ್ಲಿ ಹಲ್ಲುಜ್ಜುತ್ತಾ ಸಂಜೆಯ ಆರು ಗಂಟೆಯ ಬಗ್ಗೆ ಯೋಚಿಸುತ್ತಿದ್ದ.

ಓಣಿಯವರು ಅವನಿಗೆ ಇಟ್ಟ ಹೆಸರು ಕೂದಲೆಳೆ. ತಲೆಯ ಮೇಲೆ ಹೇಳಿಕೊಳ್ಳುವಂಥ ಕೂದಲೇನೂ ಇರಲಿಲ್ಲ. ಆದರೆ ಮಾತು ಮಾತಿಗೂ ಒಂದು ಕೂದಲೆಳೆ ಹೆಚ್ಚಾಯಿತು, ಅರ್ಧ ಕೂದಲೆಳೆ ಕಡಿಮೆಯಾಯಿತು ಎನ್ನುವ ಚಾಳಿ. ಕೆಲಸ ತೂಕ ಮತ್ತು ಅಳತೆಯ ಕಚೇರಿಯಲ್ಲಿ. ಅಂಗಡಿಯವರ ತಕ್ಕಡಿ, ಬಟ್ಟೆಯವರ ಮೀಟರ್ ಕೋಲು, ಹಾಲಿನವರ ಅಳತೆಪಾತ್ರೆ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು. ಯಾರಾದರೂ "ಸರಿ ಇದೆ ಸಾರ್, ನನ್ನ ಮಾತು ನಂಬಿ" ಎಂದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು: "ಬಾಯಲ್ಲಿ ಹೇಳಿದ್ದು ಅಳತೆ ಅಲ್ಲಪ್ಪ, ಬರೆದಿಟ್ಟಿದ್ದೇ ಅಳತೆ." ವರ್ಷಗಟ್ಟಲೆ ಊರವರ ಅಳತೆಯಲ್ಲಿ ತಪ್ಪು ಹುಡುಕಿ ಹುಡುಕಿ ಬೇಸತ್ತವನಿಗೆ, ತಾನೇ ಒಂದು ವಸ್ತುವನ್ನು ತಪ್ಪಿಲ್ಲದೆ ಮಾಡಿ ನೋಡಬೇಕೆಂಬ ಆಸೆ. ಆ ಆಸೆಯಿಂದಲೇ ಅವನು ಹಿಂದಿನ ಕೋಣೆ ಸೇರಿದ್ದು.

ಆ ಕೋಣೆಯಲ್ಲಿ ಲೇತ್ ಇತ್ತು. ಲೋಹದ ಕೋಲನ್ನು ಗಿರಗಿರ ತಿರುಗಿಸಿ, ಉಳಿ ತಾಗಿಸಿ, ಬೇಕಾದ ಗಾತ್ರಕ್ಕೆ ಕಡೆಯುವ ಯಂತ್ರ. ಮುಚ್ಚಿಹೋದ ಒಂದು ಕೈಗಾರಿಕಾ ಶಾಲೆಯಿಂದ ಬಂದದ್ದು, ವಯಸ್ಸಿನಲ್ಲಿ ಅವನಿಗಿಂತ ಹಿರಿಯದು. ಅದರ ರೋಗಗಳೆಲ್ಲ ಅವನಿಗೆ ಬಾಯಿಪಾಠ. ಮುಂದಿನ ಹಿಡಿ ಮೊದಲ ಕಾಲು ಸುತ್ತು ಸುಳ್ಳು ಹೇಳುತ್ತದೆ, ತಿರುಗಿಸಿದರೂ ಉಳಿ ಅಲುಗುವುದಿಲ್ಲ; ಆಮೇಲೆ ಸತ್ಯ. ಬೆಲ್ಟು ಬಿಸಿಯಾಗುವವರೆಗೆ ಗೊಣಗುತ್ತದೆ. ಮೇಲಿನ ಎಣ್ಣೆಬಟ್ಟಲಿಗೆ ಎಷ್ಟು ಹೊಯ್ದರೂ ಸಾಲದು, ಕೆಳಗಿನದಕ್ಕೆ ಒಂದು ತೊಟ್ಟು ಹೆಚ್ಚಾದರೂ ಕೋಪ. ಇಷ್ಟು ವರ್ಷದಲ್ಲಿ ಯಾರ ರೋಗಕ್ಕೆ ಯಾರು ಹೊಂದಿಕೊಂಡರು ಎಂದು ಹೇಳುವುದು ಕಷ್ಟ. ಹೊರಗೆ ಯಾರ ಹತ್ತಿರವೂ ಸಲುಗೆಯಿಂದ ಮಾತಾಡದ ಮನುಷ್ಯ ಅದರ ಹತ್ತಿರ ಮಾತಾಡುತ್ತಿದ್ದ. ಅವನು ನೆಮ್ಮದಿಯಾಗಿ ಇರುತ್ತಿದ್ದುದು ಅಲ್ಲಿಯೇ, ಅದರ ಮುಂದೆಯೇ.

ಆ ಲೇತಿನ ಮೇಲೆ ಅವನು ಒಂಬತ್ತು ವರ್ಷದಿಂದ ಒಂದು ಪುಟ್ಟ ಉಗಿ ಇಂಜಿನ್ ಮಾಡುತ್ತಿದ್ದ. ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಕೂರುವಷ್ಟು ದೊಡ್ಡದು. ಶುರು ಮಾಡುವಾಗ ಆರು ತಿಂಗಳ ಕೆಲಸ ಎಂದಿದ್ದ.

ಇತ್ತ ನಡುಮನೆಯಲ್ಲಿ ಹೆಂಡತಿಯ ಆರು ಹೊಲಿಗೆ ಮೆಷಿನ್ನುಗಳು. ಊಟಕ್ಕೆ ಕೂರಬೇಕಾದರೆ ಎರಡು ಮೆಷಿನ್ನು ಸರಿಸಬೇಕು, ಬಂದವರಿಗೆ ಕುರ್ಚಿ ಹಾಕಬೇಕಾದರೆ ಮೂರು. ಒಂಬತ್ತು ವರ್ಷ ಸರಿಸಿ ಸರಿಸಿ ಅವಳ ಸೊಂಟ ಸೋತಿತ್ತು. ಹೋದ ಭಾನುವಾರ ಅವಳು ಜಗಳವಾಡದೆ, ದನಿ ಏರಿಸದೆ ಹೇಳಿಬಿಟ್ಟಳು.

"ಮುಂದಿನ ಭಾನುವಾರ ಸಂಜೆ ಆರು ಗಂಟೆಗೆ ನಿಮ್ಮ ಇಂಜಿನ್ನು ಹತ್ತು ಸುತ್ತು ತಾನಾಗೇ ಓಡದಿದ್ರೆ ಲೇತು ಗುಜರಿಗೆ. ಕೋಣೆ ನನಗೆ."

ಓಡಿದರೆ ಏನು ಎಂದು ಅವಳು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಓಡಿದರೆ ಲೇತ್ ಉಳಿಯಿತು ಎಂದು ತನ್ನಷ್ಟಕ್ಕೆ ತಿಳಿದುಕೊಂಡು, ಆ ವಾರವಿಡೀ ಕಚೇರಿಯಲ್ಲಿ ಮುದ್ರೆಯನ್ನು ತಲೆಕೆಳಗಾಗಿ ಒತ್ತಿದ.

ಭಾನುವಾರದ ಹೊತ್ತಿಗೆ ಉಳಿದದ್ದು ಒಂದೇ ಒಂದು ಭಾಗ, ಪಿಸ್ಟನ್. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆ ತುಂಡು. ಸಿಲಿಂಡರಿನೊಳಗೆ ಉಗಿ ನುಸುಳದಷ್ಟು ಬಿಗಿಯಾಗಿಯೂ ಇರಬೇಕು, ಬೆರಳಲ್ಲಿ ತಳ್ಳಿದರೆ ಜಾರುವಷ್ಟು ಸಡಿಲವಾಗಿಯೂ ಇರಬೇಕು. ಎರಡು ಗಂಟೆಯ ಕೆಲಸ. ಮನೆಯಲ್ಲಿದ್ದ ಹಿತ್ತಾಳೆ ಕೋಲಿನಲ್ಲಿ ನಾಲ್ಕು ಪಿಸ್ಟನ್ನಿಗೆ ಆಗುವಷ್ಟು ಉದ್ದವಿತ್ತು. ಒಂದು ಸಾಕು, ಇನ್ನು ಮೂರು ತಪ್ಪಿಗೆ ಎಂದುಕೊಂಡು ಎಂಟು ಗಂಟೆಗೆ ಲೇತ್ ಚಾಲೂ ಮಾಡಿದ.

ಹತ್ತು ಗಂಟೆಗೆ ಪಿಸ್ಟನ್ ತಯಾರಾಯಿತು. ಸಿಲಿಂಡರಿನ ಬಾಯಿಗೆ ಇಟ್ಟು ತಳ್ಳಿದ. ಅರ್ಧ ಹೋಗಿ ನಿಂತಿತು. ತಿರುಗಿಸಿ ಇನ್ನೊಂದು ತುದಿಯಿಂದ ತಳ್ಳಲು ನೋಡಿದ, ಒಳಗೇ ಹೋಗಲಿಲ್ಲ. ಅಳೆದ. ಒಂದು ತುದಿ ಸರಿಯಾಗಿತ್ತು, ಇನ್ನೊಂದು ತುದಿ ಎರಡು ಕೂದಲೆಳೆ ದಪ್ಪವಿತ್ತು. ಉದ್ದಕ್ಕೂ ಒಂದೇ ದಪ್ಪವಿರಬೇಕಾದ ಪಿಸ್ಟನ್ ಬಾಟಲಿಯ ಬಿರಡೆಯ ಹಾಗೆ ಓರೆಯಾಗಿತ್ತು.

ಒಂಬತ್ತು ವರ್ಷದಲ್ಲಿ ಆ ಲೇತ್ ಎಷ್ಟೋ ಸಲ ಮುನಿಸಿಕೊಂಡಿತ್ತು, ಆದರೆ ಓರೆ ಕಡೆದಿರಲಿಲ್ಲ. ಕೂದಲೆಳೆ ತನ್ನ ಕೈಯನ್ನೇ ಅನುಮಾನಿಸಿದ. ಉಳಿ ಮಸೆದ, ಎಣ್ಣೆ ಹಾಕಿದ, ಯಂತ್ರದ ಹತ್ತಿರ ಮೆಲ್ಲಗೆ "ಇವತ್ತೊಂದು ದಿನ ನನ್ನ ಮಾನ ಉಳಿಸು" ಎಂದ. ಕಿಟಕಿ ತೆರೆದಿತ್ತು. ಅದೇ ತಪ್ಪಾಯಿತು.

ಕಿಟಕಿಯಾಚೆ ಪಕ್ಕದ ಮನೆಯ ಡ್ರೈವರ್ ಅಜ್ಜ ಇದ್ದರು. ಕೆಲಸದಲ್ಲಿದ್ದಾಗ ನಿಜವಾದ ಉಗಿ ಇಂಜಿನ್ ಓಡಿಸಿದವರು. ಬಿಟ್ಟು ಮೂವತ್ತು ವರ್ಷವಾದರೂ ಒಲೆ ಹಚ್ಚುವಾಗ ಗಂಟಲಲ್ಲಿ ಒಂದು ಸೀಟಿ ಬರುತ್ತಿತ್ತು. ಮಾನ ಉಳಿಸು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಒಳಗೆ ಬಂದರು. ಅವರ ಹಿಂದೆಯೇ ಎದುರುಮನೆಯ ಮೇಷ್ಟ್ರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ಕೈಗೆ ಎಣ್ಣೆ ತಾಗಿಸಿಕೊಂಡು ಗೊತ್ತಿಲ್ಲ, ಆದರೆ ಸೂತ್ರವಿಲ್ಲದೆ ಉಸಿರೂ ಬಿಡುವವರಲ್ಲ.

ಮೇಷ್ಟ್ರು ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿ, ಇದು ಶಾಖದ ಕೆಲಸ ಎಂದು ತೀರ್ಪು ಕೊಟ್ಟರು. ಕಡೆಯುವಾಗ ಹಿತ್ತಾಳೆ ಬಿಸಿಯಾಗಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಒಂದು ತುದಿ ಮೊದಲು ಆರಿತು, ಇನ್ನೊಂದು ಆಮೇಲೆ. ಪರಿಹಾರ ಸರಳ, ಕೋಣೆಯನ್ನು ತಂಪಾಗಿಡಬೇಕು. ಡ್ರೈವರ್ ಅಜ್ಜ ಅದನ್ನು ಒಪ್ಪಲಿಲ್ಲ. ತಮ್ಮ ಕಾಲದಲ್ಲಿ ಇಂಜಿನ್ ಕೆಂಡದ ಮೇಲೇ ಕೂತಿರುತ್ತಿತ್ತು, ಯಾವ ಪಿಸ್ಟನ್ನೂ ಹೀಗೆ ಸೊಟ್ಟಗಾದದ್ದಿಲ್ಲ. ಇದಕ್ಕೆ ಬೇಕಾದದ್ದು ಎಣ್ಣೆ, ಅದೂ ಕಪ್ಪು ಎಣ್ಣೆ ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ ಇಬ್ಬರೂ ಎಳೆದರು; ನಡುವೆ ನೊಗದಂತೆ ನಿಂತವನು ಕೂದಲೆಳೆ.

ಮೊದಲು ಮೇಷ್ಟ್ರ ಮಾತು ನಡೆಯಿತು. ಒದ್ದೆ ಬಟ್ಟೆಗಳನ್ನು ತಂದು ಲೇತಿನ ಮೈಮೇಲೆಲ್ಲ ಹೊದಿಸಿದರು, ಜ್ವರ ಬಂದವರಿಗೆ ಹಾಕುವ ಹಾಗೆ. ಅರ್ಧ ಗಂಟೆ ಕಾದು ಎರಡನೇ ಪಿಸ್ಟನ್ ಕಡೆದರು. ಅದೂ ಓರೆ. ಸಾಲದ್ದಕ್ಕೆ ಮೇಷ್ಟ್ರ ಒದ್ದೆ ಬಟ್ಟೆಯೊಂದು ಕೋಲನ್ನು ಕಚ್ಚಿ ತಿರುಗಿಸುವ ಚಕ್‌ಗೆ ಸಿಕ್ಕಿ, ನಾಲ್ಕು ಸುತ್ತು ಸುತ್ತಿ, ಹಿಂಡಿದ ನೀರನ್ನೆಲ್ಲ ಮೇಷ್ಟ್ರ ಮೇಲೇ ಎರಚಿತು. ಅವರು ಕನ್ನಡಕ ಒರೆಸಿಕೊಳ್ಳುತ್ತಾ, ಪ್ರಯೋಗದ ದೃಷ್ಟಿಯಿಂದ ಇದೂ ಒಂದು ಫಲಿತಾಂಶವೇ ಎಂದರು.

ಆಮೇಲೆ ಅಜ್ಜನ ಸರದಿ. ಅವರು ಮನೆಗೆ ಹೋಗಿ ಮೂವತ್ತು ವರ್ಷದಿಂದ ಜೋಪಾನವಾಗಿಟ್ಟಿದ್ದ ಡಬ್ಬಿ ತಂದರು. ಎಲ್ಲೆಲ್ಲಿ ತೂತು ಕಂಡಿತೋ ಅಲ್ಲೆಲ್ಲ ಹೊಯ್ದರು. ಕೆಳಗಿನ ಬಟ್ಟಲಿಗೆ ಬೇಡ ಎಂದು ಕೂದಲೆಳೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅದಕ್ಕೂ ಬಿತ್ತು. ಬೆಲ್ಟಿಗೆ ಎಣ್ಣೆ ಹತ್ತಿ ಜಾರಿತು, ಹಾರಿತು, ಗೋಡೆಯ ಮೇಲಿದ್ದ ಗಡಿಯಾರಕ್ಕೆ ಬಡಿಯಿತು. ಗಡಿಯಾರ ಒಂದೂವರೆಗೆ ನಿಂತಿತು. ಬೆಲ್ಟು ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ, ಮತ್ತೆ ಏರಿಸಿ ಮೂರನೇ ಪಿಸ್ಟನ್ ಮುಗಿಸುವಾಗ ಮೂರೂವರೆ. ಅದು ಮೊದಲಿನ ಎರಡಕ್ಕಿಂತ ಓರೆಯಾಗಿತ್ತು.

ಹೆಂಡತಿ ನಡುನಡುವೆ ಚಹಾ ತಂದುಕೊಟ್ಟಳು. ಬಾಗಿಲಲ್ಲಿ ನಿಂತು ಮೂರು ಓರೆ ಪಿಸ್ಟನ್ನುಗಳನ್ನು ನೋಡಿದಳು, ಗಂಡನ ಮುಖ ನೋಡಿದಳು, ಖಾಲಿ ಲೋಟಗಳನ್ನು ಎತ್ತಿಕೊಂಡು ಹೋದಳು. ಬೆಳಿಗ್ಗೆ ತಾನು ಎಳೆದ ರಟ್ಟಿಗೂ ಈ ಓರೆಗೂ ನಂಟಿದೆ ಎಂದು ಅವಳಿಗಾದರೂ ಹೇಗೆ ಗೊತ್ತಾಗಬೇಕು.

ನಾಲ್ಕು ಗಂಟೆಗೆ ಗುಜರಿಯವನು ಬಂದ. ಆರು ಗಂಟೆಗೆ ಬಾ ಎಂದು ಹೆಂಡತಿ ಹೇಳಿದ್ದರೂ ಭಾರದ ಮಾಲು ಎಂದು ಬೇಗ ಬಂದಿದ್ದ. ತಳ್ಳುಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿ, ಕೋಣೆಯ ಹೊಸ್ತಿಲ ಮೇಲೆ ಕೂತು, ಕೆನ್ನೆಗೆ ಕೈಯಿಟ್ಟು ಲೇತನ್ನು ನೋಡತೊಡಗಿದ. ಕಾಯಿಲೆಯವರ ಮನೆಗೆ ಹೊತ್ತಿಗೆ ಮುಂಚೆ ಬಂದ ನೆಂಟನನ್ನು ಕಂಡಂತೆ ಕೂದಲೆಳೆ ಅವನಿಗೆ ಬೆನ್ನು ತಿರುಗಿಸಿದ.

ಕೋಲಿನಲ್ಲಿ ಉಳಿದದ್ದು ಒಂದೇ ತುಂಡು. ಅವನು ಅದನ್ನು ಚಕ್‌ಗೆ ಕಚ್ಚಿಸದೆ ಕೈಯಲ್ಲೇ ಹಿಡಿದು ನಿಂತ. ಇದೂ ಓರೆಯಾದರೆ ಮುಗಿಯಿತು. ಒಂಬತ್ತು ವರ್ಷ ತನ್ನ ಹತ್ತಿರ ಸುಳ್ಳನ್ನೂ ಲೆಕ್ಕವಿಟ್ಟು ಹೇಳಿದ ಯಂತ್ರ, ಬೇಕಾದ ದಿನವೇ ಕೈಕೊಟ್ಟಿತಲ್ಲ ಎಂದು ಅವನಿಗೆ ನಿಜಕ್ಕೂ ದುಃಖವಾಯಿತು. ಕಣ್ಣು ಒದ್ದೆಯಾದದ್ದನ್ನು ಎಣ್ಣೆ ಸಿಡಿಯಿತೆಂದು ಒರೆಸಿಕೊಂಡ.

ನಿಂತವರ ಕಣ್ಣಿಗೆ ಕಾಣದ್ದು ಕೂತವನ ಕಣ್ಣಿಗೆ ಕಂಡಿತು.

"ಸಾರ್," ಎಂದ ಗುಜರಿಯವನು ಹೊಸ್ತಿಲಿಂದಲೇ, "ಈ ಮೆಷಿನ್ನು ಮೂರು ಕಾಲ ಮೇಲೆ ನಿಂತಿದೆಯಲ್ಲ, ಇದು ಹೀಗೇನಾ?"

ಮೂವರೂ ನೆಲಕ್ಕೆ ಬಗ್ಗಿ ಕೆನ್ನೆ ತಾಗಿಸಿ ನೋಡಿದರು. ನಿಜ. ಮೂರು ಕಾಲು ನೆಲ ಮುಟ್ಟಿದ್ದವು. ಹಿಂದಿನ ಬಲಗಾಲಿನ ಕೆಳಗೆ ಮಾತ್ರ ಆಚೆಯ ಬೆಳಕು ಗೆರೆಯಾಗಿ ಕಾಣುತ್ತಿತ್ತು. ಆ ಮೂಲೆಯಲ್ಲಿ ನೆಲವೇ ತಗ್ಗು. ಆಸರೆ ತಪ್ಪಿದ ಕಾಲು ಜೋತು, ಯಂತ್ರದ ಬೆನ್ನು ತುಸು ತಿರುಚಿಕೊಂಡು, ಕಡೆದದ್ದೆಲ್ಲ ಓರೆಯಾಗುತ್ತಿತ್ತು. ಆ ಕಾಲಿನ ಕೆಳಗೆ ನೆಲದ ಮೇಲೆ ಚೌಕಾಕಾರದ ಎಣ್ಣೆಯ ಗುರುತು ಉಳಿದಿತ್ತು.

"ಇಲ್ಲೊಂದು ರಟ್ಟು ಇತ್ತು," ಎಂದ ಕೂದಲೆಳೆ. ಹಾಗೆಂದ ಮರುಕ್ಷಣವೇ ಆ ರಟ್ಟು ಯಾವುದು ಎಂಬುದೂ ನೆನಪಾಗಿ, ಬಗ್ಗಿದ್ದವನು ಬಗ್ಗಿದ ಹಾಗೇ ಉಳಿದ.

ಒಂಬತ್ತು ವರ್ಷದ ಹಿಂದೆ ಲೇತ್ ಮನೆಗೆ ಬಂದ ದಿನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಆರೇ ತಿಂಗಳು ಎಂದು ಅವನು ಗೋಗರೆದಿದ್ದ. ಬಾಯಲ್ಲಿ ಹೇಳಿದ್ದು ಅಳತೆಯಲ್ಲ ಎಂದು ಅವನಿಂದಲೇ ಕಲಿತಿದ್ದ ಅವಳು, ಕಾಲರಿನ ಅಚ್ಚು ಕತ್ತರಿಸುವ ರಟ್ಟೊಂದನ್ನು ಮುಂದೆ ಹಿಡಿದು, ಬರೆದುಕೊಡಿ ಎಂದಿದ್ದಳು. ಅವನು ಬರೆದುಕೊಟ್ಟ: ಈ ಇಂಜಿನ್ ಓಡಿದ ದಿನವೇ ಲೇತನ್ನು ಮನೆಯಿಂದ ಹೊರಗೆ ಕಳಿಸಿ ಕೋಣೆಯನ್ನು ನಿನಗೆ ಬಿಟ್ಟುಕೊಡುತ್ತೇನೆ. ಕೆಳಗೆ ಸಹಿ. ಪೆನ್ನು ಸಿಗಲಿಲ್ಲ ಎಂದು ಪೆನ್ಸಿಲಿನಲ್ಲಿ ಬರೆದಿದ್ದ. ಪೆನ್ನು ಜೇಬಿನಲ್ಲೇ ಇತ್ತು. ಆ ಸಂಜೆಯೇ ಲೇತ್ ಕುಂಟುತ್ತಿದೆ ಎಂದು ತಿಳಿದು, ಕೈಗೆ ಸಿಕ್ಕ ಆ ರಟ್ಟನ್ನು ಮಡಿಸಿ ಕಾಲಿನ ಕೆಳಗೆ ಕೊಟ್ಟಿದ್ದ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಒಳಗೊಳಗೇ ಹಿಗ್ಗಿದ್ದ. ಮುಂದೆ ಹೆಂಡತಿ ರಟ್ಟೆಲ್ಲಿ ಎಂದು ಕೇಳಿದಾಗ ಕಳೆದುಹೋಯಿತು ಎಂದ. ಅಷ್ಟೇ ಅಲ್ಲ, ಅವಳ ಜೊತೆ ಒಂದು ಗಂಟೆ ಮನೆಯೆಲ್ಲ ಹುಡುಕಿಯೂ ಕೊಟ್ಟಿದ್ದ. ಆಮೇಲೆ ಅದನ್ನು ಮರೆತ. ಮರೆಯಲು ಸಾಕಷ್ಟು ಕಷ್ಟಪಟ್ಟೇ ಮರೆತ. ಆರು ತಿಂಗಳ ಇಂಜಿನ್ ಒಂಬತ್ತು ವರ್ಷ ಹಿಡಿದದ್ದಕ್ಕೆ ಅವನ ನಿಧಾನ ಎಷ್ಟು ಕಾರಣ, ಆ ರಟ್ಟು ಎಷ್ಟು ಕಾರಣ ಎಂಬುದನ್ನು ಅವನ ಯಾವ ಉಪಕರಣವೂ ಅಳೆಯಲಾರದು.

"ಇದೇನಾ?" ಎಂದಳು ಹೆಂಡತಿ. ಒಳಗೆ ಹೋಗಿ ಐದು ನಿಮಿಷದ ಮೇಲೆ ಬಂದವಳು ಹೊಲಿಗೆ ಡಬ್ಬಿಯಿಂದ ತೆಗೆದ ರಟ್ಟನ್ನು ಹಿಡಿದಿದ್ದಳು. "ಬೆಳಿಗ್ಗೆ ಗುಡಿಸೋವಾಗ ಸಿಕ್ತು."

ರಟ್ಟು ನಾಲ್ಕು ಮಡಿಕೆಯಲ್ಲೇ ಇತ್ತು. ಅವನು ಅವಳ ಮುಖ ನೋಡಿದ. ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು, ಒಂದು ಸುಕ್ಕೂ ಇಲ್ಲ. ಓದಿದ್ದಾಳೋ ಇಲ್ಲವೋ ತಿಳಿಯಲಿಲ್ಲ.

ಈಗ ಅತ್ತ ದರಿ, ಇತ್ತ ಪುಲಿ. ರಟ್ಟು ಇಡದಿದ್ದರೆ ಪಿಸ್ಟನ್ ಓರೆ, ಇಂಜಿನ್ ಓಡುವುದಿಲ್ಲ, ಆರು ಗಂಟೆಗೆ ಲೇತ್ ಗುಜರಿಗೆ. ಇಟ್ಟರೆ ಇಂಜಿನ್ ಓಡುತ್ತದೆ, ಓಡಿದ ದಿನವೇ ಲೇತ್ ಹೊರಗೆ ಎಂದು ಆ ರಟ್ಟೇ ಹೇಳುತ್ತದೆ. ಬೇರೆ ರಟ್ಟಿದ್ದರೂ ನಡೆದೀತು ಎಂದು ಅವನು ಸಣ್ಣ ದನಿಯಲ್ಲಿ ಹೇಳಿ ನೋಡಿದ. ಮೇಷ್ಟ್ರು ಕೈ ಎತ್ತಿದರು.

"ಹೊಸ ರಟ್ಟು ಭಾರಕ್ಕೆ ಅದುಮಿಕೊಳ್ತಾ ಹೋಗತ್ತೆ ಸಾರ್. ಇದು ಒಂಬತ್ತು ವರ್ಷ ಅದುಮಿ ಗಟ್ಟಿಯಾಗಿದೆ. ಇದರ ದಪ್ಪ ಇದಕ್ಕೇ. ಕೂದಲೆಳೆ ವ್ಯತ್ಯಾಸ ಬಂದ್ರೂ ಕೆಟ್ಟಿತು ಅಂತ ಹೇಳೋರು ನೀವೇ ಅಲ್ವಾ?"

ಇಡೀ ದಿನದಲ್ಲಿ ಮೇಷ್ಟ್ರು ಹೇಳಿದ ಸರಿಯಾದ ಮಾತು ಅದೊಂದೇ, ಅದೂ ಬೇಡದ ಹೊತ್ತಿನಲ್ಲಿ. ಹೊಸ ರಟ್ಟನ್ನು ಅದುಮಿ ಅದುಮಿ ಹದಕ್ಕೆ ತರಲು ವಾರ ಬೇಕು. ಇದ್ದದ್ದು ಒಂದು ತುಂಡು ಹಿತ್ತಾಳೆ, ಒಂದು ಗಂಟೆ ಚಿಲ್ಲರೆ ಹೊತ್ತು; ನಾಲ್ಕನೇ ಸಲಕ್ಕೆ ಕೈ ಪಳಗಿದ್ದರಿಂದ ಅಷ್ಟರಲ್ಲೇ ಮುಗಿಸಬಹುದಿತ್ತು. ಕೂದಲೆಳೆ ಮೇಜಿನ ಮೇಲಿದ್ದ ಇಂಜಿನ್ನನ್ನು ನೋಡಿದ. ಎಲ್ಲ ಭಾಗವೂ ಕೂಡಿ, ಒಂದು ಪಿಸ್ಟನ್ ಇಲ್ಲದೆ, ಹೃದಯವಿಲ್ಲದ ಬೊಂಬೆಯ ಹಾಗೆ ಕೂತಿತ್ತು. ಅದನ್ನು ಓಡದೆ ಬಿಡುವುದು ಅವನಿಂದ ಆಗಲಿಲ್ಲ. ಲೇತ್ ಹೋಗುವುದಾದರೆ ಗೆದ್ದು ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಅಜ್ಜ ಹಾರೆ ಕೊಟ್ಟು ಮೀಟಿದರು, ಗುಜರಿಯವನು ಭುಜ ಕೊಟ್ಟ, ಕೂದಲೆಳೆ ರಟ್ಟನ್ನು ಬಿಚ್ಚದೆ ಅದರ ಹಳೆಯ ಗುರುತಿನ ಮೇಲೆ ಕೂರಿಸಿದ. ಕಾಲು ಇಳಿಯಿತು. ಬೆಳಕಿನ ಗೆರೆ ಮಾಯವಾಯಿತು.

ನಾಲ್ಕನೇ ಪಿಸ್ಟನ್ ಸಿಲಿಂಡರಿನೊಳಗೆ ಉಸಿರು ಬಿಟ್ಟ ಹಾಗೆ ಜಾರಿತು.

ಆರಕ್ಕೆ ಹತ್ತು ನಿಮಿಷವಿರುವಾಗ ಪುಟ್ಟ ಬಾಯ್ಲರಿಗೆ ನೀರು ತುಂಬಿ ಕೆಳಗೆ ಸ್ಪಿರಿಟ್ ದೀಪ ಹಚ್ಚಿದರು. ನೀರು ಗುಂಯ್‌ಗುಟ್ಟಿತು. ಇಂಜಿನ್ನಿನ ಮೂಗಿನಿಂದ ಎರಡು ಹನಿ ಬಿದ್ದವು, ಒಂದು ಎಳೆ ಉಗಿ ಬಂತು. ಕೂದಲೆಳೆ ಗಾಲಿಯನ್ನು ಬೆರಳಿಂದ ಮುಟ್ಟುವಷ್ಟರಲ್ಲಿ ಅದು ತಾನಾಗಿಯೇ ಅರ್ಧ ಸುತ್ತು ಹೊರಳಿತು, ತಡೆಯಿತು, ಮತ್ತೆ ಹೊರಳಿ ಓಡಿತು. ಅಜ್ಜ ಒಂದು, ಎರಡು ಎಂದು ಎಣಿಸಲು ಶುರು ಮಾಡಿದವರು ಆರಕ್ಕೆ ಬರುವಾಗ ಎಣಿಕೆ ಬಿಟ್ಟು ಮೂಗೊರೆಸಿಕೊಂಡರು. ಗಾಲಿ ಕಣ್ಣಿಗೆ ಕಾಣದ ಹಾಗೆ ತಿರುಗುತ್ತಿತ್ತು. ಹತ್ತಲ್ಲ, ನೂರಲ್ಲ, ದೀಪದ ಸ್ಪಿರಿಟ್ ಮುಗಿಯುವವರೆಗೂ ಓಡಿತು.

ಕೂದಲೆಳೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ತಾನು ಮಾಡಿದ್ದರಲ್ಲಿ ತಪ್ಪಿಲ್ಲ ಎಂದು ಅವನಿಗೆ ಅನ್ನಿಸಿತು. ಹೆಂಡತಿ ಬಗ್ಗಿ ಆ ಗಾಲಿಯ ಗಾಳಿಗೆ ಅಂಗೈ ಹಿಡಿದಳು.

"ಚೆನ್ನಾಗಿದೆ ಕಣ್ರೀ," ಎಂದಳು. "ಓಡತ್ತೆ ಅಂತ ನನಗೆ ಗೊತ್ತಿತ್ತು."

ರಟ್ಟಿನ ಮಾತು ಎತ್ತಲಿಲ್ಲ. ಅಜ್ಜ, ಮೇಷ್ಟ್ರು ಗೆದ್ದದ್ದು ತಾವೇ ಎಂಬಂತೆ ಅವರವರ ಮನೆಗೆ ಹೋದರು. ಕೂದಲೆಳೆ ಗುಜರಿಯವನ ಹೆಗಲ ಮೇಲೆ ಕೈಯಿಟ್ಟು, ಇವತ್ತು ನಿನಗಿಲ್ಲಿ ಏನೂ ಇಲ್ಲಪ್ಪ ಎಂದು ಬೀಳ್ಕೊಟ್ಟ. ಒಳಗೆ ಬರುವಾಗ ಹೆಂಡತಿ ಚಹಾದ ಲೋಟ ತೊಳೆಯುತ್ತಿದ್ದಳು.

"ರೀ, ಏನಾದ್ರೂ ಹೇಳೋದಿತ್ತಾ?"

ಹೇಳಿಬಿಡಲೇ ಎಂದು ಅವನಿಗೆ ಅನಿಸಿತು. ಮಾತು ನಾಲಿಗೆಯ ತುದಿಯವರೆಗೆ ಬಂತು. ಓದದಿದ್ದವಳಿಗೆ ನಾನಾಗಿ ಓದಿ ಹೇಳುವುದುಂಟೇ ಎಂದು ಅಲ್ಲಿಂದ ವಾಪಸು ಹೋಯಿತು.

"ಏನಿಲ್ಲ ಕಣೆ."

"ಏನೂ ಇಲ್ವಾ?"

"ಏನೂ ಇಲ್ಲ."

ಅವಳು ಮುಂದಿನ ಲೋಟ ಕೈಗೆತ್ತಿಕೊಂಡಳು.

ಅವನು ಅಷ್ಟಕ್ಕೆ ಸುಮ್ಮನಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬುದ್ಧಿ ಮನುಷ್ಯನನ್ನು ಸುಮ್ಮನೆ ಕೂರಗೊಡುವುದಿಲ್ಲ. ಇವತ್ತು ಓದದಿದ್ದವಳು ನಾಳೆ ಗುಡಿಸುವಾಗ ಓದಿದರೆ? ರಟ್ಟನ್ನು ಸುಡುವಂತಿಲ್ಲ, ಅದು ಲೇತಿನ ಕಾಲು. ಆದರೆ ಬರೆದದ್ದು ಪೆನ್ಸಿಲಿನಲ್ಲಿ. ಒಂಬತ್ತು ವರ್ಷದ ಹಿಂದಿನ ತನ್ನ ದೂರದೃಷ್ಟಿಗೆ ತಾನೇ ಮೆಚ್ಚಿ, ಮೇಜಿನ ಖಾನೆಯಿಂದ ರಬ್ಬರ್ ತೆಗೆದುಕೊಂಡು, ಕೋಣೆಯ ಬಾಗಿಲು ಮುಂದೆ ಮಾಡಿದ. ಹಾರೆ ಕೊಟ್ಟು ಮೀಟಿ, ಕಾಲಿನ ಬದಿಗೆ ಮರದ ತುಂಡು ಸಿಕ್ಕಿಸಿ, ಮಲಗಿ ಕೈ ಚಾಚಿ ರಟ್ಟನ್ನು ಎಳೆದ. ಕಿಟಕಿಯ ಬೆಳಕಿಗೆ ಕೂತು ಒಂದೊಂದೇ ಮಡಿಕೆ ಬಿಚ್ಚಿದ.

ಅವನ ಪೆನ್ಸಿಲ್ ಬರಹ ಎಣ್ಣೆಯಲ್ಲಿ ನೆನೆದೂ ಒಂದಕ್ಷರ ಮಾಸಿರಲಿಲ್ಲ. ಅದರ ಕೆಳಗೆ ನೀಲಿ ಪೆನ್ನಿನಲ್ಲಿ, ಒತ್ತಿ ಒತ್ತಿ, ಹೊಸದಾಗಿ ನಾಲ್ಕು ಸಾಲು ಬರೆದಿತ್ತು. ಹೆಂಡತಿಯ ಅಕ್ಷರ.

'ಬೆಳಿಗ್ಗೆ ಓದಿದೆ. ಸಂಜೆ ಇಂಜಿನ್ ಓಡುತ್ತದೆ ಎಂದು ನನಗೆ ಗೊತ್ತು. ಓಡಿದ ಮೇಲೆ ನೀವಾಗಿಯೇ ಬಂದು ಈ ರಟ್ಟಿನ ವಿಷಯ ಹೇಳಿದರೆ, ಇದನ್ನು ಹರಿದು ಹಾಕುತ್ತೇನೆ, ಲೇತ್ ಇರಲಿ. ರಬ್ಬರ್ ಹಿಡಿದುಕೊಂಡು ಬಂದರೆ ಗುಜರಿಯವನನ್ನು ಕರೆಯುತ್ತೇನೆ.'

ಕೆಳಗೆ ಸಹಿ, ತಾರೀಕು.

ಅವನು ಎರಡು ಸಲ ಓದಿದ. ಮೂರನೇ ಸಲ ಓದುವಾಗ ಬಾಗಿಲು ತಳ್ಳಿದ ಸದ್ದಾಯಿತು. ಹೆಂಡತಿ ನಿಂತಿದ್ದಳು, ಕೊರಳಲ್ಲಿ ಅಳತೆಯ ಟೇಪು. ಅವನು ರಬ್ಬರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ನಾನೀಗ ಹೇಳೋಕೇ ಬರ್ತಿದ್ದೆ," ಎಂದ.

"ಎರಡು ಸಲ ಕೇಳಿದೆ ನಾನು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ತಾಗಿತು. "ಅವತ್ತು ನನ್ನ ಜೊತೆ ಹುಡುಕಿದ್ರಲ್ಲ, ಮಂಚದ ಕೆಳಗೆಲ್ಲ ಬ್ಯಾಟರಿ ಬಿಟ್ಟು. ಪಾಪ ಅಂದ್ಕೊಂಡಿದ್ದೆ. ಇವತ್ತು ಒಂದು ಮಾತು ಹೇಳಿಬಿಟ್ಟಿದ್ರೆ ಇನ್ನೊಂಬತ್ತು ವರ್ಷ ಮೆಷಿನ್ನು ಸರಿಸ್ಕೊಂಡೇ ಇರ್ತಿದ್ದೆ ಕಣ್ರೀ."

"ಹೋದ ಭಾನುವಾರ ನೀನು ಹೇಳಿದ್ದು, ಓಡದಿದ್ರೆ ಅಂತ..."

"ಅದು ಬಾಯಲ್ಲಿ ಹೇಳಿದ್ದು. ಇದು ಬರೆದಿಟ್ಟಿದ್ದು."

ಇಪ್ಪತ್ತೆರಡು ವರ್ಷ ಊರಿಗೆಲ್ಲ ಒತ್ತಿದ ಮುದ್ರೆ ಅವತ್ತು ಅವನ ಹಣೆಯ ಮೇಲೇ ಬಿತ್ತು.

ಗುಜರಿಯವನನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ. ಓಣಿಯ ತಿರುವಿನಲ್ಲೇ ತಳ್ಳುಗಾಡಿಗೆ ಒರಗಿ ನಿಂತಿದ್ದ. "ಅಕ್ಕ ಅರ್ಧ ಗಂಟೆ ಇಲ್ಲೇ ನಿಂತಿರು ಅಂದಿದ್ರು ಸಾರ್," ಎಂದ ಸಂಕೋಚದಿಂದ. ಮತ್ತೆ ಅಜ್ಜ ಬಂದರು, ಮೇಷ್ಟ್ರು ಬಂದರು. ಮಧ್ಯಾಹ್ನ ಲೇತ್ ಉಳಿಸಲು ತೋರಿದ ಉತ್ಸಾಹವನ್ನೇ ಈಗ ಅದನ್ನು ಬಿಚ್ಚಿ ಹೊರಗೆ ಸಾಗಿಸಲೂ ತೋರಿದರು. ಮೂರು ಭಾಗವಾಗಿ ಗಾಡಿಗೇರಿದ ಲೇತಿನ ಮೈಯನ್ನು ಕೂದಲೆಳೆ ಹಳೆಯ ಬಟ್ಟೆಯಿಂದ ಒಮ್ಮೆ ಒರೆಸಿದ. ಒಡೆಯಬೇಡ ಎಂದ. ಗುಜರಿಯವನು ಒಡೆಯುವುದಿಲ್ಲ, ತನ್ನ ಶೆಡ್ಡಿನಲ್ಲೇ ನಿಲ್ಲಿಸಿಕೊಳ್ಳುತ್ತೇನೆ ಎಂದ.

"ಮುಂದಿನ ಹಿಡಿ ಮೊದಲ ಕಾಲು ಸುತ್ತು ಸುಳ್ಳು ಹೇಳತ್ತೆ," ಎಂದ ಕೂದಲೆಳೆ, ಗಾಡಿಯ ಜೊತೆಗೇ ನಾಲ್ಕು ಹೆಜ್ಜೆ ನಡೆಯುತ್ತಾ. "ಆಮೇಲೆ ನಂಬಬಹುದು."

ಅವನು ಕೋಣೆಗೆ ವಾಪಸು ಬರುವಾಗ ಹೆಂಡತಿ ಮೊದಲ ಹೊಲಿಗೆ ಮೆಷಿನ್ನನ್ನು ಎಳೆದು ತಂದು ಅದೇ ಮೂಲೆಯಲ್ಲಿ ನಿಲ್ಲಿಸಿಯಾಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಪುಟ್ಟ ಇಂಜಿನ್ ಇನ್ನೂ ಬೆಚ್ಚಗಿತ್ತು. ಅವಳು ಮೆಷಿನ್ನಿನ ಮುಂದೆ ಕೂತು ಕಾಲಿಂದ ತುಳಿದಳು. ಮೆಷಿನ್ನು ಕಟಕಟ ಎಂದು ಕುಂಟಿತು. ಆ ಮೂಲೆಯ ನೆಲ ತಗ್ಗಲ್ಲವೇ.

ಅವಳು ಗಂಡನ ಮುಖ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ರಟ್ಟನ್ನು ತೆಗೆದು, ಹಳೆಯ ಗೆರೆಗಳ ಮೇಲೇ ನಾಲ್ಕು ಮಡಿಕೆ ಮಾಡಿ, ಅವನ ಕೈಗೆ ಕೊಟ್ಟಳು.

"ಇದನ್ನೇ ಇಡಿ. ಅಳತೆ ಸರಿ ಇರತ್ತೆ."

ಕೂದಲೆಳೆ ನೆಲಕ್ಕೆ ಬಗ್ಗಿದ. ಮೆಷಿನ್ನಿನ ಕಾಲೆತ್ತಿ ರಟ್ಟನ್ನು ಕೆಳಗೆ ಸರಿಸಿ, ಒಮ್ಮೆ ಅಲ್ಲಾಡಿಸಿ ನೋಡಿದ. ಒಂದು ಕೂದಲೆಳೆಯೂ ಅಲುಗಲಿಲ್ಲ.